ಬರೆದದ್ದನ್ನು ಮೊಬೈಲಿನಿಂದ ಓದಿಸಿ, ಕಿವಿಯಿಂದ ತಿದ್ದಿ: ಕನ್ನಡ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

2022ರಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ ಅಣೆಕಟ್ಟು ತುಂಬಿ ಹರಿದು ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ನಮ್ಮ ಕಡೆಯಿಂದ ಜನ ಜಾತ್ರೆಗೆ ಹೋದ ಹಾಗೆ ಹೋದರು. ನಾನೂ ದಾವಣಗೆರೆಯಿಂದ ಬಸ್ಸು ಹತ್ತಿ ಹೋಗಿ ಬಂದೆ. ಬಂದವನೇ ಒಂದು ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಟ್ಟೆ. ಕಳಿಸುವ ಮೊದಲು ಮೂರು ಸಲ ಓದಿದ್ದೆ, ಎಲ್ಲಾ ಸರಿ ಇದೆ ಅನ್ನಿಸಿತ್ತು. ಅಚ್ಚಾಗಿ ಬಂದ ದಿನ ಗೆಳೆಯನೊಬ್ಬ ಫೋನ್ ಮಾಡಿದ.

“ಅಲ್ಲೋ, ಎಂಬತ್ತೊಂಬತ್ತು ವರ್ಷದ ಮೇಲೆ ಡ್ಯಾಂ ಕೊಡಿ ಬಿತ್ತು ಅಂತ ಬರ್ದೀಯಲ್ಲ, ಏನು ಕೊಡಬೇಕು, ಯಾರಿಗೆ ಕೊಡಬೇಕು?”

ಕೋಡಿ ಅಂತ ಆಗಬೇಕಿತ್ತು. ಒಂದು ದೀರ್ಘ ಬಿಟ್ಟುಹೋಗಿತ್ತು. ಮೂರು ಸಲ ಓದಿದಾಗಲೂ ನನ್ನ ಕಣ್ಣಿಗೆ ಅಲ್ಲಿ ಕೋಡಿಯೇ ಕಂಡಿತ್ತು, ಯಾಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಕೋಡಿ. ನಾವು ಬರೆದದ್ದನ್ನು ನಾವೇ ಓದುವಾಗ ಆಗುವುದು ಇದೇ. ಕಣ್ಣು ಪುಟದ ಮೇಲೆ ಸುಮ್ನೆ ಜಾರುತ್ತದೆ, ಓದುವುದು ನೆನಪು. ಗಟ್ಟಿಯಾಗಿ ಓದಿದರೂ ಅಷ್ಟೇ. ಬಾಯಿ ತಪ್ಪನ್ನು ತಾನೇ ಸರಿಮಾಡಿಕೊಂಡು ಓದಿಬಿಡುತ್ತದೆ.

ಯಂತ್ರಕ್ಕೆ ಆ ಜಾಣತನ ಇಲ್ಲ. ಕೊಡಿ ಅಂತ ಇದ್ದರೆ ಕೊಡಿ ಅಂತಲೇ ಓದುತ್ತದೆ. ಅದರ ಈ ಮೊದ್ದುತನವೇ ನಮಗೆ ಬೇಕಾಗಿರುವುದು.

ಈ ದಾರಿ ತೋರಿಸಿದವರು ಹರಿಹರದ ಕಡೆಯ ಒಬ್ಬ ಗೆಳೆಯರು. ಅವರಿಗೆ ಕಣ್ಣು ಕಾಣುವುದಿಲ್ಲ. ಪತ್ರಿಕೆ, ವಾಟ್ಸಾಪ್, ಕಥೆ, ಎಲ್ಲವನ್ನೂ ಫೋನಿನಿಂದ ಓದಿಸಿ ಕೇಳುತ್ತಾರೆ. ಕೋಡಿಯ ಕಥೆ ಹೇಳಿದಾಗ ನಕ್ಕು, “ಅದು ಇರಲಿ ಬಿಡ್ರಿ, ನಿಮ್ಮ ಬರಹದಲ್ಲಿ ಸೊನ್ನೆ ಯಾಕೆ ಅಷ್ಟು ಬರ್ತಾವೆ?” ಅಂದರು. ನನಗೆ ಅರ್ಥವಾಗಲಿಲ್ಲ. ಆಗ ತಮ್ಮ ಫೋನನ್ನು ನನ್ನ ಕಿವಿಗೆ ಹಿಡಿದರು. ನಾನು ಬರೆದ ‘ಬಂದ’ ಅದರಲ್ಲಿ ‘ಬ ಸೊನ್ನೆ ದ’ ಆಗಿತ್ತು. ಅದು ಯಾಕೆ ಹಾಗಾಯಿತು ಅನ್ನುವುದು ಎರಡನೇ ಹಂತದಲ್ಲಿ ಬರುತ್ತದೆ. ಇಂಗ್ಲಿಷ್ ಬರೆಯುವವರಿಗೆ ಇಲ್ಲದ ಎರಡು ಮೂರು ತಾಪತ್ರಯ ಕನ್ನಡದವರಿಗೆ ಇವೆ. ಹಾಗಾಗಿ ಮೊದಲು ಬರಹವನ್ನು ಹಸನು ಮಾಡಿಕೊಳ್ಳಬೇಕು, ಆಮೇಲೆ ಓದಿಸಬೇಕು.

ಹಂತ 1: ನಿಮ್ಮ ಬರಹ ಯೂನಿಕೋಡಿನಲ್ಲಿ ಇದೆಯಾ ನೋಡಿ

ನಮ್ಮೂರಿನ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕೆಲಸ ನಡೆಯುತ್ತದೆ. ಲಗ್ನಪತ್ರಿಕೆ, ಕರಪತ್ರ, ಸಂಘದ ವಾರ್ಷಿಕ ವರದಿ ಜಾಸ್ತಿ ಅದರಲ್ಲೇ ಆಗುತ್ತವೆ. ಆ ಹಳೆಯ ಫಾಂಟುಗಳ ಕಥೆ ಏನೆಂದರೆ, ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಓದುವ ಯಂತ್ರಕ್ಕೆ ವೇಷ ಕಾಣಿಸುವುದಿಲ್ಲ. ಅದು ಒಳಗಿನದನ್ನು ಓದುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಒಳಗೂ ಕನ್ನಡದ ಅಕ್ಷರವೇ ಇರುತ್ತದೆ.

ಪರೀಕ್ಷೆ ಸುಲಭ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ಮುಂದಿನ ಹಂತಕ್ಕೆ ಹೋಗಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಹಳೆಯ ಫಾಂಟು. ಆಗ ಪರಿವರ್ತಕ ಬೇಕು. ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಇದಕ್ಕೆ ಸೌಲಭ್ಯ ಇದೆ. ಹಳೆಯ ಫಾಂಟಿನ ಬರಹಕ್ಕೆ ಆಸ್ಕಿ ಅನ್ನುತ್ತಾರೆ, ‘ಆಸ್ಕಿಯಿಂದ ಯೂನಿಕೋಡ್’ ಅಂತ ಹುಡುಕಿದರೆ ಅಂತರ್ಜಾಲದಲ್ಲೂ ಸಿಗುತ್ತವೆ.

ಪರಿವರ್ತನೆ ಆದ ಮೇಲೆ ಒಂದು ಸಲ ಕಣ್ಣಾಡಿಸಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಅದು ಎಡವುವುದುಂಟು. ಅಕ್ಷರದ ಪಕ್ಕ ಚುಕ್ಕಿಗಳಿಂದ ಮಾಡಿದ ಒಂದು ವೃತ್ತ ಕಂಡರೆ ಅಲ್ಲಿ ಗುಣಿತ ಒಡೆದಿದೆ ಅಂತ ಲೆಕ್ಕ. ಆ ಪದವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿ. ರಿಪೇರಿ ಮಾಡಲು ಹೋದರೆ ಇನ್ನಷ್ಟು ಕೆಡುತ್ತದೆ.

ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯಿಂದ ಬರೆಯುವವರಿಗೆ ಈ ಹಂತದ ತಲೆನೋವೇ ಇಲ್ಲ. ಅದು ಯೂನಿಕೋಡೇ.

ಹಂತ 2: ಕಣ್ಣಿಗೆ ಕಾಣದ ಮೂರು ಕಳ್ಳರನ್ನು ಹಿಡಿಯಿರಿ

ನನ್ನ ಗೆಳೆಯರ ಸೊನ್ನೆ ಇಲ್ಲಿದೆ. ಕನ್ನಡದ ಅನುಸ್ವಾರ ‘ಂ’, ಕನ್ನಡದ ಅಂಕಿ ಸೊನ್ನೆ ‘೦’. ನೋಡಲು ಅವಳಿ ಮಕ್ಕಳು. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಹಳೆಯ ಅಭ್ಯಾಸದವರು, ಅವಸರದವರು ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿಬಿಡುತ್ತಾರೆ. ಸ್ಕ್ಯಾನ್ ಮಾಡಿ ತೆಗೆದ ಪಠ್ಯದಲ್ಲೂ ಇದು ನುಸುಳುತ್ತದೆ. ಅಚ್ಚಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಓದಿಸಿದರೆ ಯಂತ್ರ ಅಲ್ಲಿ ‘ಸೊನ್ನೆ’ ಅನ್ನುತ್ತದೆ, ಇಲ್ಲವೇ ಪದವನ್ನೇ ಎರಡು ತುಂಡು ಮಾಡುತ್ತದೆ. ಅಂತರ್ಜಾಲದಲ್ಲಿ ಹುಡುಕುವವರಿಗೂ ಆ ಪದ ಸಿಗುವುದಿಲ್ಲ.

ಎರಡನೆಯ ಕಳ್ಳ ಒಂಬತ್ತು. ಅರ್ಕಾವತ್ತಿನ ಆಕಾರ ಕನ್ನಡದ ಅಂಕಿ ‘೯’ರ ಹಾಗೇ ಇದೆ ಅಲ್ವಾ? ಹಾಗಾಗಿ ‘ಕಾಯ೯ಕ್ರಮ’, ‘ಧಮ೯’ ಅಂತ ಬರೆದವರನ್ನು ಬೇಕಾದಷ್ಟು ನೋಡಿದ್ದೇನೆ. ಯಂತ್ರ ಓದುವುದು ‘ಕಾಯ ಒಂಬತ್ತು ಕ್ರಮ’. ಇನ್ನು ಮೂರನೆಯದು ವಿಸರ್ಗ. ‘ದುಃಖ’ ಬರೆಯಲು ನಡುವೆ ಕೋಲನ್ ಹಾಕಿ ‘ದು:ಖ’ ಮಾಡುತ್ತಾರೆ. ಯಂತ್ರ ‘ದು’ ಅಂದು ಉಸಿರು ತೆಗೆದುಕೊಂಡು ‘ಖ’ ಅನ್ನುತ್ತದೆ. ದುಃಖದ ಸಂಗತಿ ಓದುವಾಗ ನಗು ಬಂದರೆ ಕಷ್ಟ.

ಹಿಡಿಯುವುದು ಹೀಗೆ. ಕಂಟ್ರೋಲ್ ಮತ್ತು ಎಫ್ ಒತ್ತಿ, ಹುಡುಕುವ ಪೆಟ್ಟಿಗೆಯಲ್ಲಿ ಅಂಕಿ ೦ ಹಾಕಿ. ಪದಗಳ ಒಳಗೆ ಸಿಕ್ಕಲ್ಲೆಲ್ಲ ಅನುಸ್ವಾರ ಹಾಕಿ. ನೀವು ಇಸವಿ, ದರಗಳನ್ನು ಕನ್ನಡ ಅಂಕಿಯಲ್ಲಿ ಬರೆಯುವವರಾದರೆ ‘ಎಲ್ಲವನ್ನೂ ಬದಲಿಸು’ ಗುಂಡಿ ಒತ್ತಬೇಡಿ, ೨೦೨೨ ಕೆಟ್ಟುಹೋಗುತ್ತದೆ. ಒಂದೊಂದಾಗಿ ನೋಡುತ್ತಾ ಹೋಗಿ.

೯ರದ್ದು ಸ್ವಲ್ಪ ಜಾಸ್ತಿ ಕೆಲಸ. ಅದನ್ನು ‘ರ್’ಗೆ ಬದಲಿಸಿದರೆ ಮುಗಿಯಲಿಲ್ಲ. ಬರೆಯುವಾಗ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಟೈಪ್ ಮಾಡುವಾಗ ‘ರ್’ ಮೊದಲು ಬರಬೇಕು. ‘ಯ೯’ ಹೋಗಿ ‘ರ್ಯ’ ಆಗಬೇಕು. ಇದನ್ನು ಕೈಯಲ್ಲೇ ತಿದ್ದಬೇಕು, ಬೇರೆ ದಾರಿ ಇಲ್ಲ.

ಇದನ್ನೆಲ್ಲ ಒಂದು ಸಲ ಮಾಡಿದರೆ ಸಾಕು, ಬೆರಳಿಗೆ ಬುದ್ಧಿ ಬರುತ್ತದೆ. ನನಗೆ ಈಗ ಸೊನ್ನೆಯ ತಪ್ಪು ಆಗುವುದೇ ಇಲ್ಲ. ಹರಿಹರದ ಗೆಳೆಯರೂ ನೆಮ್ಮದಿಯಾಗಿದ್ದಾರೆ.

ಹಂತ 3: ಓದುವ ದನಿ ಸಿದ್ಧಮಾಡಿಕೊಳ್ಳಿ

ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ನಿಮ್ಮ ಹತ್ತಿರ ಇರುವ ಫೋನು ಅಥವಾ ಕಂಪ್ಯೂಟರಿನಲ್ಲೇ ಇದೆ.

ಆಂಡ್ರಾಯ್ಡ್ ಫೋನಿನಲ್ಲಿ: ಸೆಟ್ಟಿಂಗ್ಸ್ ತೆರೆದು ಆಕ್ಸೆಸಿಬಿಲಿಟಿಗೆ ಹೋಗಿ. ಅಲ್ಲಿ ‘ಟೆಕ್ಸ್ಟ್-ಟು-ಸ್ಪೀಚ್ ಔಟ್‌ಪುಟ್’ ಇರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸಿನ ಮೇಲಿರುವ ಹುಡುಕುವ ಪಟ್ಟಿಯಲ್ಲಿ ‘ಸ್ಪೀಚ್’ ಅಂತ ಇಂಗ್ಲಿಷಿನಲ್ಲಿ ಹಾಕಿ. ಎಂಜಿನ್ ಗೂಗಲ್‌ನದ್ದನ್ನು ಆರಿಸಿ, ಪಕ್ಕದ ಹಲ್ಲುಚಕ್ರ ಒತ್ತಿ, ಕನ್ನಡದ ದನಿಯ ಡೇಟಾ ಇಳಿಸಿಕೊಳ್ಳಿ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದುತ್ತದೆ. ಆಮೇಲೆ ಅದೇ ಆಕ್ಸೆಸಿಬಿಲಿಟಿಯಲ್ಲಿ ‘ಸೆಲೆಕ್ಟ್ ಟು ಸ್ಪೀಕ್’ ಆನ್ ಮಾಡಿ. ಪರದೆಯ ಮೇಲೆ ಒಂದು ಸಣ್ಣ ಗುಂಡಿ ಬರುತ್ತದೆ. ನಿಮ್ಮ ಬರಹ ತೆರೆದು ಆ ಗುಂಡಿ ಒತ್ತಿ, ಓದಬೇಕಾದ ಭಾಗದ ಮೇಲೆ ಬೆರಳು ಎಳೆಯಿರಿ. ಓದಲು ಶುರುಮಾಡುತ್ತದೆ.

ಒಂದು ಎಚ್ಚರಿಕೆ. ಅದೇ ಪಟ್ಟಿಯಲ್ಲಿ ‘ಟಾಕ್‌ಬ್ಯಾಕ್’ ಅಂತಲೂ ಇರುತ್ತದೆ. ಅದು ಕಣ್ಣು ಕಾಣದವರಿಗೆ ಇಡೀ ಫೋನನ್ನು ಓದಿಹೇಳುವ ಸೌಲಭ್ಯ. ನಾನು ಮೊದಲ ದಿನ ಅದನ್ನೇ ಆನ್ ಮಾಡಿ ಒದ್ದಾಡಿದೆ. ಒಂದು ಸಲ ಮುಟ್ಟಿದರೆ ಏನೂ ಆಗುವುದಿಲ್ಲ, ಹೆಸರು ಮಾತ್ರ ಹೇಳುತ್ತದೆ. ತೆರೆಯಬೇಕಾದರೆ ಎರಡು ಸಲ ಬಡಿಯಬೇಕು, ಸರಿಸಬೇಕಾದರೆ ಎರಡು ಬೆರಳು ಬೇಕು. ಫೋನ್ ಕೆಟ್ಟೇಹೋಯಿತು ಅಂತ ಅಂಗಡಿಗೆ ಒಯ್ಯುವುದರಲ್ಲಿದ್ದೆ. ನಿಮಗೂ ಹಾಗಾದರೆ, ಜೋರು ಮಾಡುವ ಮತ್ತು ಕಡಿಮೆ ಮಾಡುವ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಸಾಮಾನ್ಯವಾಗಿ ಆಫ್ ಆಗುತ್ತದೆ.

ಐಫೋನಿನಲ್ಲಿ: ಐಒಎಸ್ 16ರಿಂದ ಈಚೆಗೆ ಕನ್ನಡದ ದನಿ ಇದೆ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಸ್ಪೋಕನ್ ಕಂಟೆಂಟ್ (ಹೊಸ ಐಒಎಸ್‌ನಲ್ಲಿ ‘ರೀಡ್ ಆ್ಯಂಡ್ ಸ್ಪೀಕ್’). ಅಲ್ಲಿ ‘ಸ್ಪೀಕ್ ಸೆಲೆಕ್ಷನ್’ ಮತ್ತು ‘ಸ್ಪೀಕ್ ಸ್ಕ್ರೀನ್’ ಆನ್ ಮಾಡಿ. ಎರಡು ಬೆರಳಿನಿಂದ ಪರದೆಯ ಮೇಲಿಂದ ಕೆಳಕ್ಕೆ ಎಳೆದರೆ ಪುಟ ಓದುತ್ತದೆ.

ಕಂಪ್ಯೂಟರಿನಲ್ಲಿ: ನನ್ನ ಮೆಚ್ಚಿನದು ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್. ಅದರಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿಗಳಿವೆ. ಮನುಷ್ಯರ ದನಿಗೆ ಸಾಕಷ್ಟು ಹತ್ತಿರ. ಇವಕ್ಕೆ ನೆಟ್ ಬೇಕು. ನಾನು ಮಾಡುವುದು ಹೀಗೆ. ಲೇಖನವನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕುತ್ತೇನೆ. ‘ಸೇವ್ ಆ್ಯಸ್’ ಒತ್ತಿ, ಕೆಳಗಿನ ಎನ್‌ಕೋಡಿಂಗ್ ಪೆಟ್ಟಿಗೆಯಲ್ಲಿ ಯುಟಿಎಫ್-8 ಇದೆಯಾ ನೋಡಿ ಉಳಿಸುತ್ತೇನೆ. ಆ ಕಡತವನ್ನು ಎಳೆದು ಎಡ್ಜ್ ಕಿಟಕಿಯೊಳಗೆ ಬಿಡುತ್ತೇನೆ. ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡರೆ ಮತ್ತೆ ಹೋಗಿ ‘ಯುಟಿಎಫ್-8 ವಿತ್ ಬಿಒಎಂ’ ಆರಿಸಿ ಉಳಿಸಿದರೆ ಸರಿಹೋಗುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿದರೆ ಓದು ಶುರು. ಮೇಲೆ ‘ವಾಯ್ಸ್ ಆಪ್ಷನ್ಸ್’ ಬರುತ್ತದೆ. ಅಲ್ಲಿ ಕನ್ನಡದ ದನಿ ಆರಿಸಬೇಕು. ಇಂಗ್ಲಿಷಿನ ದನಿ ಇದ್ದರೆ ಕನ್ನಡವನ್ನು ನುಂಗಿಬಿಡುತ್ತದೆ.

ಪಿಡಿಎಫ್ ಮಾಡಿ ಓದಿಸಲು ಹೋಗಬೇಡಿ. ಎಡ್ಜ್ ಪಿಡಿಎಫನ್ನೂ ಓದುತ್ತದೆ, ಆದರೆ ಕನ್ನಡದ ಪಿಡಿಎಫ್‌ನಲ್ಲಿ ಒತ್ತು, ಗುಣಿತಗಳು ಒಳಗೆ ಅದಲು ಬದಲಾಗಿರುವುದೇ ಜಾಸ್ತಿ. ಇಲ್ಲದ ತಪ್ಪನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ನೆಟ್ ಇಲ್ಲದ ಕಂಪ್ಯೂಟರಿಗೆ ಈಸ್ಪೀಕ್ ಎನ್‌ಜಿ ಇದೆ. ಉಚಿತ, ಕನ್ನಡವನ್ನೂ ಓದುತ್ತದೆ. ದನಿ ಮಾತ್ರ ಡಬ್ಬದೊಳಗಿಂದ ಬಂದ ಹಾಗೆ. ತಪ್ಪು ಹಿಡಿಯಲು ಅದೇ ಒಳ್ಳೆಯದು ಅನ್ನುವವರೂ ಇದ್ದಾರೆ. ಇಂಪಾದ ದನಿ ಕೇಳುತ್ತಾ ಕೂತರೆ ಬರಹ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಅದೂ ನಿಜ.

ಇನ್ನೊಂದು ಮಾತು. ನೆಟ್ ಬೇಕಾಗುವ ದನಿಗಳು ನಿಮ್ಮ ಬರಹವನ್ನು ದೂರದ ಸರ್ವರಿಗೆ ಕಳಿಸಿ ಓದಿಸುತ್ತವೆ. ಕಥೆ, ಲೇಖನಕ್ಕೆ ಪರವಾಗಿಲ್ಲ. ಕೋರ್ಟಿನ ಕಾಗದ, ಮಕ್ಕಳ ಅಂಕಪಟ್ಟಿ, ಯಾರದೋ ಆಸ್ಪತ್ರೆಯ ವಿಷಯ ಇದ್ದರೆ ಫೋನಿಗೆ ಇಳಿಸಿಕೊಂಡ ದನಿಯಲ್ಲೇ, ನೆಟ್ ಆಫ್ ಮಾಡಿ ಓದಿಸಿ.

ಹಂತ 4: ವೇಗ, ಇಯರ್‌ಫೋನ್, ಹೊತ್ತು

ಮೊದಲ ಸಲ ಮಾಮೂಲಿ ವೇಗಕ್ಕಿಂತ ಒಂದು ಚೂರು ನಿಧಾನ ಇಟ್ಟುಕೊಳ್ಳಿ. ಇಯರ್‌ಫೋನ್ ಹಾಕಿಕೊಳ್ಳಲೇಬೇಕು. ನನ್ನ ಕೋಣೆಯ ಕಿಟಕಿ ಪಿ.ಬಿ. ರಸ್ತೆ ಕಡೆಗಿದೆ. ಲಾರಿಯ ಹಾರನ್ನಿನ ನಡುವೆ ‘ದನ’ವೋ ‘ಧನ’ವೋ ಗೊತ್ತಾಗುವುದಿಲ್ಲ.

ಬರೆದು ಮುಗಿಸಿದ ತಕ್ಷಣ ಓದಿಸಬೇಡಿ. ಒಂದು ರಾತ್ರಿ ಬಿಡಿ. ಆಗದಿದ್ದರೆ ಹೊರಗೆ ಹೋಗಿ ಒಂದು ಬೆಣ್ಣೆ ದೋಸೆ ತಿಂದು ಬನ್ನಿ. ಸಾವಿರ ಪದದ ಲೇಖನ ಓದಿಸಲು ನನಗೆ ಹತ್ತು ನಿಮಿಷದ ಆಸುಪಾಸು ಬೇಕಾಗುತ್ತದೆ. ಮೂರು ಸಲ ಕೇಳಿ ತಿದ್ದಿದರೆ ಒಟ್ಟು ಒಂದು ಗಂಟೆ ಅಂತ ಇಟ್ಟುಕೊಳ್ಳಿ.

ಹಂತ 5: ಮೊದಲ ಕೇಳುವಿಕೆ, ಕಣ್ಣು ಮುಚ್ಚಿ

ಪರದೆಯನ್ನು ಮಗುಚಿ ಇಡಿ. ಒಂದು ಹಾಳೆ, ಪೆನ್ನು ಮಾತ್ರ ಇಟ್ಟುಕೊಳ್ಳಿ. ಸುಮ್ನೆ ಕೇಳಿ. ಬೇರೆ ಯಾರೋ ಬರೆದದ್ದು ಅಂದುಕೊಂಡು ಕೇಳಿ. ಈ ಸಲ ಕಾಗುಣಿತ ಹುಡುಕಬೇಡಿ. ಎಲ್ಲಿ ಗೊಂದಲ ಆಯಿತು, ಎಲ್ಲಿ ಬೇಸರ ಬಂತು, ಎಲ್ಲಿ ನಿಮ್ಮ ಮನಸ್ಸು ಬೇರೆ ಕಡೆ ಹೋಯಿತು, ಆ ಜಾಗದ ಒಂದು ಪದ ಗೀಚಿಕೊಳ್ಳಿ. ಓದು ನಿಲ್ಲಿಸಬೇಡಿ.

ನಡುನಡುವೆ ನಿಲ್ಲಿಸಿ ತಿದ್ದುವ ಆಸೆ ಬರುತ್ತದೆ. ತಡೆದುಕೊಳ್ಳಿ. ನಿಲ್ಲಿಸಿ ನಿಲ್ಲಿಸಿ ತಿದ್ದಿದರೆ ಬರಹದ ಓಟ ಕಿವಿಗೆ ಸಿಗುವುದಿಲ್ಲ. ಪೀಠಿಕೆ ಉದ್ದವಾಯಿತು, ಮುಖ್ಯ ಸಂಗತಿ ಕೊನೆಯಲ್ಲಿ ಬಂತು ಅನ್ನುವಂಥ ದೊಡ್ಡ ತಪ್ಪುಗಳು ಗೊತ್ತಾಗುವುದು ಈ ಮೊದಲ ಸಲದಲ್ಲೇ. ಆ ದೊಡ್ಡ ರಿಪೇರಿಗಳನ್ನು ಮೊದಲು ಮುಗಿಸಿ. ತೆಗೆದುಹಾಕುವ ಪ್ಯಾರಾದ ಕಾಗುಣಿತ ತಿದ್ದಿ ಏನು ಪ್ರಯೋಜನ?

ಹಂತ 6: ಎರಡನೇ ಕೇಳುವಿಕೆ, ಬೆರಳಿಟ್ಟು

ಈಗ ಪರದೆ ನೋಡುತ್ತಾ, ಒಂದೊಂದೇ ಪ್ಯಾರಾ ಓದಿಸಿ. ತಪ್ಪು ಕೇಳಿದ ಕಡೆ ನಿಲ್ಲಿಸಿ, ತಿದ್ದಿ, ಮುಂದೆ ಹೋಗಿ. ಬರೆಯುವಾಗ ಕೊನೆಗೆ ಬರುವಷ್ಟರಲ್ಲಿ ದಣಿದಿರುತ್ತೇವೆ, ತಪ್ಪೂ ಅಲ್ಲೇ ಜಾಸ್ತಿ. ಕೇಳುವಾಗಲೂ ಅಲ್ಲೇ ದಣಿಯುತ್ತೇವೆ. ಅದಕ್ಕೆ ನಾನು ಕೊನೆಯ ಪ್ಯಾರಾದಿಂದ ಶುರುಮಾಡಿ ಮೇಲಕ್ಕೆ ಬರುತ್ತೇನೆ.

ಕನ್ನಡದಲ್ಲಿ ಕಿವಿಗೆ ಏನೇನು ಸಿಗುತ್ತದೆ ಅನ್ನುವುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಇದು ನನ್ನದೇ ಕರಡು, ನಾಚಿಕೆ ಬಿಟ್ಟು ಹಾಕಿದ್ದೇನೆ:

“ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟಿನ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ನೋಡಲು ಬಂದ ಜನ ಜನ ನೀರಿನ ಅರಿವು ಕಂಡು ಬೆರಗಾದನು ಅಲ್ಲಿಂದ ಹಿರಿಯೂರಿಗೆ ವಾಪಸ್ಸಾಗಿ ಊಟ ಮಾಡಿ ಬಸ್ ಹತ್ತಿ ಚಿತ್ರದುರ್ಗಕ್ಕೆ ಬಂದು ಕೋಟೆ ಏರಿ ಇಳಿದು ರಾತ್ರಿ ದಾವಣಗೆರೆ ತಲುಪಿದೆವು.”

ಓದಿಸಿದಾಗ ಮೊದಲು ಕಿವಿಗೆ ಬಡಿದದ್ದು ‘ಜನ ಜನ’. ಒಂದೇ ಪದ ಎರಡು ಸಲ ಬಂದರೆ ಕಣ್ಣು ಒಂದನ್ನು ಹಾರಿಸಿ ಓದುತ್ತದೆ, ಕಿವಿ ಹಾರಿಸುವುದಿಲ್ಲ. ಆಮೇಲೆ ‘ಅರಿವು’. ನೀರಿಗೆ ಅರಿವು ಎಲ್ಲಿಂದ ಬಂತು? ಹರಿವು ಅಂತ ಆಗಬೇಕು. ನಾವು ಮಾತಾಡುವಾಗ ಹಕಾರ ಬಿಡುತ್ತೇವೆ, ಬರೆಯುವಾಗಲೂ ಕೈ ಬಿಟ್ಟುಬಿಡುತ್ತದೆ. ‘ಅರಿವು’ ಕೂಡ ನಿಜವಾದ ಪದವೇ ಆದ್ದರಿಂದ ಕಾಗುಣಿತ ಪರೀಕ್ಷೆ ಮಾಡುವ ತಂತ್ರಾಂಶಕ್ಕೆ ಇದು ತಪ್ಪು ಅಂತ ಗೊತ್ತಾಗುವುದಿಲ್ಲ. ‘ಕೊಡಿ’ಯದ್ದೂ ಅದೇ ಕಥೆ.

ಮುಂದೆ ‘ಜನ ಬೆರಗಾದನು’. ಮೊದಲು ಆ ಜಾಗದಲ್ಲಿ ‘ಹುಡುಗ’ ಅಂತ ಇತ್ತು. ಪದ ಬದಲಿಸಿದೆ, ಕ್ರಿಯಾಪದ ಬದಲಿಸಲು ಮರೆತೆ. ಇಂಥವು ತಿದ್ದುವಾಗ ಹುಟ್ಟುವ ತಪ್ಪುಗಳು. ‘ಅವರು ಬಂದನು’, ‘ಮಳೆ ಬಂದಿತ್ತು ಇದೆ’, ಇವೆಲ್ಲ ಅದೇ ಜಾತಿ.

‘ಬೆರಗಾದನು’ ಆದ ಮೇಲೆ ಯಂತ್ರ ಉಸಿರು ತೆಗೆದುಕೊಳ್ಳಲಿಲ್ಲ. ಪೂರ್ಣವಿರಾಮ ಇಲ್ಲ ಅಂತ ಗೊತ್ತಾಯಿತು. ಆಮೇಲಿನದನ್ನು ಕೇಳಿ: ವಾಪಸ್ಸಾಗಿ, ಮಾಡಿ, ಹತ್ತಿ, ಬಂದು, ಏರಿ, ಇಳಿದು. ರೈಲು ಡಬ್ಬಿಗಳ ಹಾಗೆ. ಕನ್ನಡದಲ್ಲಿ ಹೀಗೆ ಪೋಣಿಸುತ್ತಾ ಹೋಗುವುದು ತುಂಬ ಸುಲಭ, ವ್ಯಾಕರಣದ ತಪ್ಪೂ ಅಲ್ಲ. ಆದರೆ ಕೇಳುವಾಗ ಉಸಿರು ಕಟ್ಟುತ್ತದೆ. ಊಟ ಮಾಡಿದ್ದು ಜನರೋ ನಾವೋ ಅನ್ನುವುದು ಕೊನೆಯ ‘ತಲುಪಿದೆವು’ ಬರುವ ತನಕ ಗೊತ್ತಾಗುವುದಿಲ್ಲ. ತಿದ್ದಿದ್ದು ಹೀಗೆ:

“ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟಿನ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ನೋಡಲು ಬಂದ ಜನ ನೀರಿನ ಹರಿವು ಕಂಡು ಬೆರಗಾದರು. ನಾವು ಹಿರಿಯೂರಿಗೆ ವಾಪಸ್ಸಾಗಿ ಊಟ ಮಾಡಿದೆವು. ಚಿತ್ರದುರ್ಗದಲ್ಲಿ ಇಳಿದು ಕೋಟೆ ಹತ್ತಿದೆವು. ದಾವಣಗೆರೆ ತಲುಪಿದಾಗ ರಾತ್ರಿಯಾಗಿತ್ತು.”

ಇನ್ನು ಕೆಲವು ಈ ಪ್ಯಾರಾದಲ್ಲಿ ಇರಲಿಲ್ಲ, ಆದರೆ ಕಿವಿಗೆ ಸಲೀಸಾಗಿ ಸಿಗುತ್ತವೆ. ಒತ್ತು ಬಿಟ್ಟುಹೋದದ್ದು: ‘ಹಳ್ಳಿ’ ಹೋಗಿ ‘ಹಳಿ’, ‘ಕತ್ತೆ’ ಹೋಗಿ ‘ಕತೆ’. ಲಕಾರ ಳಕಾರ: ‘ಬೆಳೆ’ ಮತ್ತು ‘ಬೆಲೆ’. ಮೆಕ್ಕೆಜೋಳದ ಬೆಳೆಯೂ ಬೆಲೆಯೂ ಒಂದೇ ವಾಕ್ಯದಲ್ಲಿ ಬರುವ ಊರು ನಮ್ಮದು, ಇದನ್ನು ಗಮನಿಸಿ ಕೇಳಬೇಕು. ವಿಭಕ್ತಿ ಬಿಟ್ಟುಹೋದದ್ದು: ‘ರೈತರು ಮಂಡಿ ತಂದರು’ ಅಂದರೆ ಮಂಡಿಯನ್ನೇ ಹೊತ್ತು ತಂದ ಹಾಗಾಯಿತು, ‘ಮಂಡಿಗೆ’ ಆಗಬೇಕು.

ಬರೆಯುವವರಿಗೆಲ್ಲ ಒಂದೊಂದು ಚಾಳಿಯ ಪದ ಇರುತ್ತದೆ. ನನ್ನದು ‘ಕೂಡ’. ಒಂದು ಲೇಖನ ಓದಿಸಿದಾಗ ಮೊದಲ ಪುಟದಲ್ಲೇ ಏಳು ಸಲ ಕೇಳಿಸಿತು. ಕೆಲವರಿಗೆ ‘ಎಂಬುದು’, ಕೆಲವರಿಗೆ ‘ಆಗಿದೆ, ಆಗಿದೆ, ಆಗಿದೆ’. ನಿಮ್ಮದು ಯಾವುದು ಅಂತ ಯಂತ್ರ ಅರ್ಧ ಗಂಟೆಯಲ್ಲಿ ಹೇಳುತ್ತದೆ.

ಕಥೆ ಬರೆಯುವವರಿಗೆ ಒಂದು ಮಾತು. ‘ಬಂದೈತಿ’, ‘ಹೋಗ್ಯಾನ’ ಅಂತ ನಮ್ಮ ಕಡೆಯ ಮಾತಿನಲ್ಲಿ ಸಂಭಾಷಣೆ ಬರೆದಿದ್ದರೆ ಯಂತ್ರ ಅದನ್ನು ವಾರ್ತೆ ಓದುವ ದನಿಯಲ್ಲಿ ಓದುತ್ತದೆ. ವಿಚಿತ್ರ ಅನ್ನಿಸುತ್ತದೆ. ರಾಗದ ಮೇಲೆ ಗಮನ ಕೊಡಬೇಡಿ. ಪಾತ್ರ ನಡುವೆ ಎಲ್ಲಾದರೂ ಇದ್ದಕ್ಕಿದ್ದ ಹಾಗೆ ಪುಸ್ತಕದ ಕನ್ನಡಕ್ಕೆ ಜಾರಿತಾ ಅನ್ನುವುದನ್ನು ಮಾತ್ರ ಕೇಳಿ.

ಹಂತ 7: ಮೂರನೇ ಕೇಳುವಿಕೆ, ಹೆಸರು ಮತ್ತು ಅಂಕಿಗೆ ಮಾತ್ರ

ಕೋಡಿಯ ಲೇಖನದಲ್ಲಿ ಇನ್ನೊಂದು ತಪ್ಪಿತ್ತು. ಫೋನ್ ಮಾಡಿದ ಗೆಳೆಯನಿಗೂ ಅದು ಕಂಡಿರಲಿಲ್ಲ. ಆಮೇಲೆ ಓದಿಸಿ ನೋಡಿದಾಗ, ಕೊನೆಯ ಪ್ಯಾರಾದಲ್ಲಿ ಯಂತ್ರ ‘ಸಾವಿರದ ಒಂಬೈನೂರ ತೊಂಬತ್ತಮೂರು’ ಅಂದಿತು. 1933 ಅಲ್ಲ, 1993! ಅಂಕಿಯಾಗಿ ನೋಡಿದಾಗ 33, 93 ಒಂದೇ ಥರ ಕಾಣುತ್ತವೆ. ಕಿವಿಗೆ ಮೂವತ್ತಮೂರಕ್ಕೂ ತೊಂಬತ್ತಮೂರಕ್ಕೂ ಅಜಗಜಾಂತರ. ಅವತ್ತಿನಿಂದ ಅಂಕಿಗಳಿಗಾಗಿಯೇ ಬೇರೆ ಒಂದು ಸಲ ಕೇಳುತ್ತೇನೆ. ಕೈಯಲ್ಲಿ ಮೂಲದ ಟಿಪ್ಪಣಿ ಇರಬೇಕು. ಯಂತ್ರ ಹೇಳಿದ ಅಂಕಿ ಟಿಪ್ಪಣಿಯಲ್ಲಿ ಇದೆಯಾ ಅಂತ ಗುರುತು ಹಾಕುತ್ತಾ ಹೋಗಬೇಕು.

ಫೋನ್ ನಂಬರನ್ನು ಯಂತ್ರ ಕೋಟಿಯ ಲೆಕ್ಕದಲ್ಲಿ ಓದಿಬಿಡಬಹುದು. ಅದಕ್ಕೆ ಒಂದು ನಕಲು ಮಾಡಿಕೊಂಡು, ಅದರಲ್ಲಿ ಅಂಕಿ ಅಂಕಿಗೂ ನಡುವೆ ಜಾಗ ಬಿಡಿ. ಆಗ ಒಂದೊಂದೇ ಹೇಳುತ್ತದೆ. ಲಗ್ನಪತ್ರಿಕೆ ಮಾಡುವವರು ತಾರೀಕು, ವಾರ, ಮುಹೂರ್ತದ ಹೊತ್ತನ್ನು ಕ್ಯಾಲೆಂಡರ್ ಹಿಡಿದುಕೊಂಡು ಕೇಳಬೇಕು. ವಧುವಿನ ತಂದೆಯ ಹೆಸರು ತಪ್ಪಿದರೆ ಏನಾಗುತ್ತದೆ ಅಂತ ಅವರಿಗೆ ನಾನು ಹೇಳಬೇಕಾಗಿಲ್ಲ.

ಊರಿನ ಹೆಸರುಗಳು ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಒಳ್ಳೆಯ ಪರೀಕ್ಷೆ. ಜಗಳೂರು, ಚಳ್ಳಕೆರೆ, ಹೊಳಲ್ಕೆರೆ, ಹೊನ್ನಾಳಿ, ಮೊಳಕಾಲ್ಮೂರು. ಳಕಾರ ಎಲ್ಲೆಲ್ಲಿದೆ ನೋಡಿ! ‘ಜಗಲೂರು’ ಅಂತ ಕೇಳಿಸಿದರೆ ಟೈಪಿಂಗ್ ತಪ್ಪು.

ಹಂತ 8: ಕಿವಿಗೆ ಸಿಗದವನ್ನು ಕಣ್ಣಿಗೆ ಬಿಡಿ

ಇಲ್ಲಿ ಮೋಸಹೋಗಬೇಡಿ. ಯಂತ್ರ ಓದಿದ್ದು ಸರಿಯಾಗಿ ಕೇಳಿಸಿತು ಅಂದರೆ ಬರೆದದ್ದು ಸರಿ ಅಂತಲ್ಲ. ‘ಭಾಷೆ’ಯನ್ನು ‘ಭಾಶೆ’ ಅಂತ ಬರೆದರೂ ಹೆಚ್ಚುಕಡಿಮೆ ಅದೇ ದನಿ. ‘ಕೃಷಿ’ಗೂ ‘ಕ್ರುಷಿ’ಗೂ ಅಷ್ಟೇ. ‘ಐದು, ಅಯ್ದು’, ‘ಔಷಧ, ಅವ್ಷಧ’ ಕೇಳಲು ಒಂದೇ. ಮಹಾಪ್ರಾಣ ಇಯರ್‌ಫೋನಿನಲ್ಲಿ ಕೇಳಿಸಿದರೂ ಸ್ವಲ್ಪ ಗಮನ ತಪ್ಪಿದರೆ ಜಾರುತ್ತದೆ. ‘ಫೇಸ್‌ಬುಕ್’ ಬದಲು ‘ಫೇಸ್ಬುಕ್’ ಅಂತ ಒತ್ತು ಕೂಡಿಕೊಂಡದ್ದು ಕೇಳಿಸುವುದೇ ಇಲ್ಲ. ಉದ್ಧರಣ ಚಿಹ್ನೆ ತೆರೆದು ಮುಚ್ಚದೇ ಇದ್ದದ್ದು, ಪದಗಳ ನಡುವೆ ಎರಡು ಜಾಗ ಬಿಟ್ಟದ್ದು, ಶೀರ್ಷಿಕೆಯ ಅಕ್ಷರದ ಗಾತ್ರ, ಇವೆಲ್ಲ ಕಣ್ಣಿನ ಕೆಲಸ. ಇವುಗಳಿಗಾಗಿ ಕೊನೆಗೊಂದು ಸಲ, ಫಾಂಟನ್ನು ದೊಡ್ಡದು ಮಾಡಿಕೊಂಡು, ದನಿ ಇಲ್ಲದೆ ಓದಿ. ಶ, ಷ, ಋ ಇರುವ ಪದಗಳಲ್ಲಿ ಅನುಮಾನ ಬಂದರೆ ನಿಘಂಟು ತೆಗೆಯಿರಿ.

ಇದರ ಉಲ್ಟಾ ಕೂಡ ಇದೆ. ಬರೆದದ್ದು ಸರಿಯಿದ್ದು ಯಂತ್ರ ತಪ್ಪು ಓದುವುದು. ‘ಪಿ.ಬಿ. ರಸ್ತೆ’ ಅಂತ ಇದ್ದರೆ ಪ್ರತಿ ಚುಕ್ಕಿಗೂ ವಾಕ್ಯ ಮುಗಿಯಿತು ಅಂತ ನಿಲ್ಲಬಹುದು. ‘ಕಿ.ಮೀ.’, ‘ಡಾ.’, ‘ರೂ.’ ಇವುಗಳಲ್ಲೂ ಹಾಗೇ. ನಾನು ಶುರುವಿನಲ್ಲಿ ಯಂತ್ರಕ್ಕೆ ಚೆನ್ನಾಗಿ ಕೇಳಿಸಲಿ ಅಂತ ಚುಕ್ಕಿಗಳನ್ನೆಲ್ಲ ತೆಗೆದುಹಾಕಿ, ಸಂಪಾದಕರಿಂದ ಬೈಸಿಕೊಂಡೆ. ಓದುವವರು ಮನುಷ್ಯರು. ಯಂತ್ರ ಎಡವಿದ ಕಡೆ ನಿಂತು, ತಪ್ಪು ನನ್ನದೋ ಅದರದೋ ಅಂತ ನೋಡಿ. ಅದರದ್ದಾದರೆ ಬಿಟ್ಟು ಮುಂದೆ ಹೋಗಿ.

ಹಂತ 9: ತಿದ್ದಿದ ಪ್ಯಾರಾವನ್ನು ಮತ್ತೆ ಓದಿಸಿ

ತಿದ್ದುವಾಗ ಹೊಸ ತಪ್ಪು ಹುಟ್ಟುತ್ತದೆ ಅಂತ ‘ಬೆರಗಾದನು’ ವಿಷಯದಲ್ಲೇ ನೋಡಿದೆವು. ಇಡೀ ಲೇಖನ ಮತ್ತೆ ಕೇಳುವ ತಾಳ್ಮೆ ಯಾರಿಗಿದೆ? ತಿದ್ದಿದ ಪ್ಯಾರಾ, ಅದರ ಹಿಂದಿನದು, ಮುಂದಿನದು, ಇಷ್ಟನ್ನು ಓದಿಸಿ. ಎಲ್ಲೆಲ್ಲಿ ತಿದ್ದಿದೆ ಅನ್ನುವುದು ಮರೆಯದಿರಲು ನಾನು ತಿದ್ದಿದ ಕಡೆ ಹಳದಿ ಬಣ್ಣ ಹಾಕಿಕೊಂಡು, ಕೊನೆಗೆ ತೆಗೆಯುತ್ತೇನೆ. ಓದಿಸಲು ಮಾಡಿಕೊಂಡ ನೋಟ್‌ಪ್ಯಾಡ್ ಕಡತದಲ್ಲಿ ತಿದ್ದುಪಡಿ ಮಾಡಬೇಡಿ. ಮೂಲದಲ್ಲೇ ತಿದ್ದಿ, ಅಲ್ಲಿಂದ ಹೊಸದಾಗಿ ನಕಲು ತೆಗೆಯಿರಿ. ಒಮ್ಮೆ ನಾನು ನಕಲಿನಲ್ಲಿ ಪೂರ್ತಿ ತಿದ್ದಿ, ತಿದ್ದದ ಮೂಲವನ್ನೇ ಕಳಿಸಿದ್ದೆ. ಅದರಲ್ಲಿ ‘ಕೂಡ’ ಏಳಕ್ಕೆ ಏಳೂ ಹಾಗೇ ಅಚ್ಚಾದವು.